60×100 ಅಡಿ ಗೋದಾಮಿಗೆ ಯಾವ ಲೈಟ್, ಎಷ್ಟು ಹಾಕಿಸಬೇಕು? (ವಿಜಯಪುರ)

ತಿಕೋಟಾ_ರೋಡ್_ಗೋದಾಮು

ನಮಸ್ಕಾರ್ರಿ ಎಲ್ಲಾರಿಗೂ. ವಿಜಯಪುರದಾಗ ತಿಕೋಟಾ ರೋಡಿಗೆ ಹತ್ತಿ ನಮ್ಮದೊಂದು ಗೋದಾಮು ಕಟ್ಟಾಕತ್ತೀವ್ರಿ. ಅಗಲ 60 ಅಡಿ, ಉದ್ದ 100 ಅಡಿ, ಮ್ಯಾಲ ಪತ್ರಾ, ಗೋಡಿ ಕಡೆ ಎತ್ತರ 22 ಅಡಿ. ಹಿಂದಿನ 70 ಅಡಿಯೊಳಗ ಕಡ್ಲಿ, ತೊಗರಿ, ಗೋವಿನಜೋಳದ ಚೀಲ ಇಡೂದು. ಮುಂದಿನ 30 ಅಡಿಯೊಳಗ ಸೀಜನ್‌ನ್ಯಾಗ ಒಣದ್ರಾಕ್ಷಿ ಆರಸೂದು, ಬಾಕ್ಸ್ ತುಂಬೂದು. ಆರಸಾಕ ಹೆಣ್ಮಕ್ಕಳು ಬರ್ತಾರ, ಕೆಲಸ ಸಂಜಿ ಮುಂದೂ ನಡೀತೈತಿ.

ವೈರಿಂಗ್ ಮಾಡೋರು ಇಬ್ಬರನ್ನ ಕೇಳೀನಿ. ಒಬ್ಬರು 150 ವ್ಯಾಟಿನ ಎಲ್‌ಇಡಿ ಹೈಬೇ (ಎತ್ತರದ ಚಾವಣಿಗೆ ತೂಗಹಾಕೂ ದೊಡ್ಡ ಲೈಟ್) 20 ಹಾಕ್ರಿ, ಹಗಲಿನಂಗ ಬೆಳಕು ಬೀಳತೈತಿ ಅಂತಾರ. ಇನ್ನೊಬ್ಬರು ಹಳೇ ಮಿಲ್ಲಿನಿಂದ ಬಿಚ್ಚಿದ 250 ವ್ಯಾಟಿನ ಮೆಟಲ್ ಹ್ಯಾಲೈಡ್ (ಹಳೇ ನಮೂನಿ ದೊಡ್ಡ ಗ್ಯಾಸ್ ಬಲ್ಬ್) ಅದಾವ, ಅರ್ಧ ರೇಟಿಗೆ ಕೊಡಸ್ತೀನಿ ಅಂತಾರ. ಪತ್ರಾ ಹೊದಸೂ ಮೊದಲೇ ತೀರ್ಮಾನ ಆಗಬೇಕು, ಹಗಲಿನ ಬೆಳಕು ಬರಾಕ ಪತ್ರಾ ನಡುವ ಫೈಬರ್ ಶೀಟ್ ಎಷ್ಟು ಬಿಡಬೇಕು ಅನ್ನೂದೂ ಅದರ ಮ್ಯಾಲೇ ನಿಂತೈತಿ. ತಿಳಿದವರು ಹೇಳ್ರಿ.

ಘಟಪ್ರಭಾ_ದಂಡೆ

ಅಣ್ಣಾರ, ಮೆಟಲ್ ಹ್ಯಾಲೈಡ್ ಬ್ಯಾಡ. ಪುಕ್ಕಟೆ ಕೊಟ್ಟರೂ ಬ್ಯಾಡ. ನಾ ಬಾಗಲಕೋಟೆಯಿಂದ ಬರಿಯಾಕತ್ತೀನಿ, ನಮ್ಮ ಸಿಮೆಂಟ್ ಗೋದಾಮಿನ್ಯಾಗ ಮೊದಲು ಅವೇ ಇದ್ದವು. ಸ್ವಿಚ್ ಹಾಕಿದ ಮ್ಯಾಲ ಪೂರ್ತಿ ಬೆಳಕು ಬರಾಕ ನಾಕೈದು ನಿಮಿಷ ಬೇಕು. ಕರೆಂಟ್ ಒಂದು ಸೆಕೆಂಡ್ ಹೋಗಿ ಬಂದರ ಸಾಕು, ಬಲ್ಬ್ ಆರಿ ತಣ್ಣಗಾಗೂತನಕ ಮತ್ತ ಹತ್ತಂಗಿಲ್ಲ. ಹತ್ತು ಹದಿನೈದು ನಿಮಿಷ ಕತ್ತಲಿನ್ಯಾಗ ಲಾರಿ ನಿಲ್ಲಬೇಕು. ನಮ್ಮ ಕಡೆ ಕರೆಂಟು ಹೆಂಗ ಮಿಣುಕತೈತಿ ನಿಮಗೂ ಗೊತ್ತು.

ಉದ್ಯಮಬಾಗ_ವೈರಿಂಗ್

ಬೆಳಗಾವಿ ಉದ್ಯಮಬಾಗದಲ್ಲಿ ಕಾರ್ಖಾನೆಗಳ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಮೊದಲು ವ್ಯಾಟಿನ ಲೆಕ್ಕ ಬಿಡಿ. ವ್ಯಾಟ್ ಎಂದರೆ ದೀಪ ಎಳೆಯುವ ವಿದ್ಯುತ್ ಶಕ್ತಿ, ಅಷ್ಟೆ. ದೀಪ ಹೊರಗೆ ಚೆಲ್ಲುವ ಬೆಳಕಿಗೆ ಲ್ಯೂಮೆನ್ ಎನ್ನುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ನಿಮಗೆ ಬೇಕಾದದ್ದು ಲಕ್ಸ್, ಅದೂ ಜನ ನೋಡುವ ಜಾಗದಲ್ಲಿ. ಐರೋಪ್ಯ ಮಾನದಂಡ ಇಎನ್ 12464-1 ಪ್ರಕಾರ ಬರೀ ಸಾಮಾನು ಇಡುವ ಉಗ್ರಾಣಕ್ಕೆ 100 ಲಕ್ಸ್, ಜನ ಸತತವಾಗಿ ಕೆಲಸ ಮಾಡುವ ಉಗ್ರಾಣಕ್ಕೆ 200, ಪ್ಯಾಕಿಂಗ್ ಜಾಗಕ್ಕೆ 300. ನಮ್ಮ ಐಎಸ್ 3646 ಕೂಡ ಇದೇ ರೀತಿ ಆಯಾ ಕೆಲಸಕ್ಕೆ ತಕ್ಕಂತೆ ಲಕ್ಸ್ ಗೊತ್ತುಮಾಡುತ್ತದೆ.

ಈಗ ನಿಮ್ಮ ಗೋದಾಮು. 6,000 ಚದರ ಅಡಿ, ಅಂದರೆ ಸುಮಾರು 557 ಚದರ ಮೀಟರ್. ಎಲ್ಲ ಕಡೆ 100 ಲಕ್ಸ್ ಬೇಕೆಂದರೆ ನೆಲಕ್ಕೆ 55,700 ಲ್ಯೂಮೆನ್ ತಲುಪಬೇಕು. ದೀಪದಿಂದ ಹೊರಟದ್ದೆಲ್ಲ ನೆಲ ಮುಟ್ಟುವುದಿಲ್ಲ. ಗೋಡೆ, ಪತ್ರಾ ಒಂದಷ್ಟು ನುಂಗುತ್ತವೆ, ಅದಕ್ಕೆ 0.6 ಹಿಡಿಯೋಣ. ಹೊಟ್ಟು, ಧೂಳು ಕೂತು ಬೆಳಕು ಇಳಿಯುವುದಕ್ಕೆ 0.75. ಎರಡನ್ನೂ ಗುಣಿಸಿದರೆ 0.45. 55,700ನ್ನು ಅದರಿಂದ ಭಾಗಿಸಿದರೆ ಸುಮಾರು 1,24,000 ಲ್ಯೂಮೆನ್. ಈಗಿನ ಒಳ್ಳೆಯ ಎಲ್‌ಇಡಿ ಹೈಬೇ ಒಂದು ವ್ಯಾಟಿಗೆ 130 ಲ್ಯೂಮೆನ್ ಕೊಡುತ್ತದೆ, ಅಂದರೆ 100 ವ್ಯಾಟಿನದು 13,000. ಹತ್ತು ದೀಪ ಸಾಕು.

ನಿಮಗೆ ಹೇಳಿದ್ದು 150 ವ್ಯಾಟಿನವು 20. ಅದು 3,90,000 ಲ್ಯೂಮೆನ್, ಇಡೀ ಗೋದಾಮಿಗೆ 300 ಲಕ್ಸ್ ದಾಟುತ್ತದೆ. ಕಡಲೆ ಚೀಲದ ನೆತ್ತಿಯ ಮೇಲೂ 300 ಲಕ್ಸ್. ಅಲ್ಲಿ ಯಾರು ಓದುತ್ತಾರೆ?

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹತ್ತು ದೀಪ ಎಂಬ ಈ ಲೆಕ್ಕ ಖಾಲಿ ಗೋದಾಮಿನದು. ಚೀಲ ಒಟ್ಟಿದ ಮೇಲೆ ಲೆಕ್ಕವೇ ಬೇರೆ. ಹದಿನಾಲ್ಕು ಅಡಿ ಎತ್ತರದ ಥಪ್ಪಿಯ (ಒಟ್ಟಿದ ಚೀಲಗಳ ರಾಶಿಯ) ಪಕ್ಕದ ಸಂದಿಗೆ ಮೇಲಿನ ದೀಪದ ಬೆಳಕು ಇಳಿಯುವುದೇ ಇಲ್ಲ. ಉದ್ಘಾಟನೆಯ ದಿನ ಬೆಳಗುವ ಗೋದಾಮು ಸುಗ್ಗಿಯಲ್ಲಿ ಕತ್ತಲಾಗುವುದು ಇದೇ ಕಾರಣಕ್ಕೆ. ಹಾಗಾಗಿ ಥಪ್ಪಿ ಎಲ್ಲೆಲ್ಲಿ ಬರುತ್ತವೆ ಎಂದು ಕಾಗದದ ಮೇಲೆ ಮೊದಲು ಗೆರೆ ಎಳೆಯಿರಿ. ದೀಪದ ಜಾಗ ಗುರುತಿಸುವುದು ಆಮೇಲೆ. ನಿಮ್ಮ ಥಪ್ಪಿಯ ನಕ್ಷೆ ಇಲ್ಲಿ ಹಾಕಿದರೆ ಮುಂದಿನದು ಹೇಳುತ್ತೇನೆ.

ತಿಕೋಟಾ_ರೋಡ್_ಗೋದಾಮು

ಸರ್, ಭಾಳ ಉಪಕಾರ ಆತ್ರಿ. ಸರ್ಕಾರಿ ಗೋದಾಮಿನ ಪದ್ಧತಿಯಂಗ 30×20 ಅಡಿ ಥಪ್ಪಿ ಹಚ್ಚೂದು ಅಂತ ಮಾಡೀವಿ. ಆ ಕಡೆ ಎರಡು, ಈ ಕಡೆ ಎರಡು, ಒಟ್ಟು ನಾಕು. ನಡುವ 15 ಅಡಿ ದಾರಿ, ಟ್ರ್ಯಾಕ್ಟರ್ ಟ್ರೇಲರ್ ಒಳಗ ಬರ್ತೈತಿ. ಗೋಡಿಗೂ ಥಪ್ಪಿಗೂ ನಡುವ ಎರಡೂವರಿ ಅಡಿ ಸಂದಿ. ಎರಡು ಥಪ್ಪಿ ನಡುವ ಮೂರು ಅಡಿ.

ಉದ್ಯಮಬಾಗ_ವೈರಿಂಗ್

ಸರಿಯಾಗಿದೆ. ಇದನ್ನೇ ಬಾಗಿಲು ತೆರೆದ ದಿನದಿಂದ ಪಾಲಿಸಿ, ನೆಲದ ಮೇಲೆ ಹಳದಿ ಬಣ್ಣದ ಗೆರೆ ಹೊಡೆಸಿ. ಇಲ್ಲವಾದರೆ ಸೀಜನ್‌ನಲ್ಲಿ ಥಪ್ಪಿ ದಾರಿಗೆ ಸರಿದು ದೀಪದ ಕೆಳಗೇ ಬಂದು ನಿಲ್ಲುತ್ತದೆ.

ನಡುವಿನ ದಾರಿಯ ನೆತ್ತಿಗೆ ಸಾಲಾಗಿ 100 ವ್ಯಾಟಿನ ಹೈಬೇ ನಾಲ್ಕು, ಸುಮಾರು 18 ಅಡಿಗೆ ಒಂದರಂತೆ. ಅಂಗಡಿಯಲ್ಲಿ ತಟ್ಟೆಯಾಕಾರದ 120 ಡಿಗ್ರಿಯದೇ ಕೈಗೆ ಕೊಡುತ್ತಾರೆ. ಅದು ಬೆಳಕನ್ನು ಅಗಲಕ್ಕೆ ಹರಡಿ ಥಪ್ಪಿಯ ತಲೆಗೆ ಸುರಿಯುತ್ತದೆ. 60 ಅಥವಾ 90 ಡಿಗ್ರಿ ಲೆನ್ಸ್ ಇರುವುದನ್ನು ಕೇಳಿ ತರಿಸಿ. ದಾರಿಗೂ ಥಪ್ಪಿಯ ಮುಖಕ್ಕೂ ಬೆಳಕು ಸಿಗುತ್ತದೆ, ಚೀಟಿ ಓದಬಹುದು, ಚೀಲಕ್ಕೆ ಇಲಿ ಬಾಯಿ ಹಾಕಿದೆಯೇ ಎಂದು ಕಾಣುತ್ತದೆ.

ಗೋಡೆಯ ಸಂದಿಗಳಿಗೆ 40 ವ್ಯಾಟಿನ ಉದ್ದನೆಯ ಬ್ಯಾಟನ್ ಲೈಟ್, ಧೂಳು ಹೊಗದ ಐಪಿ 65ರದು, ಒಂದೊಂದು ಬದಿಗೆ ಮೂರು. ಅದರಲ್ಲಿ ನಡುವಿನದು ಎರಡು ಥಪ್ಪಿಗಳ ಮಧ್ಯದ ಸಂದಿಗೆ ಎದುರಾಗಿ ಬರಲಿ. ಗೋಡೆಗೆ ಬಿಳಿ ಸುಣ್ಣ ಬಳಿಸಿ. ಸಿಮೆಂಟಿನ ಬಣ್ಣದ ಗೋಡೆ ಬೆಳಕನ್ನು ಕುಡಿಯುತ್ತದೆ, ಸುಣ್ಣದ ಗೋಡೆ ಅದನ್ನೇ ಸಂದಿಗೆ ತಿರುಗಿಸಿ ಕೊಡುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬೆಳಕು ಬೇರೆ ಯಾವುದರಿಂದಲೂ ಬರುವುದಿಲ್ಲ.

ಮುಂದಿನ 30 ಅಡಿಗೆ ಅದೇ 100 ವ್ಯಾಟಿನವು ನಾಲ್ಕು. ಆರಿಸುವ ಮೇಜುಗಳಿಗೆ ಬೇರೆಯೇ ಲೈಟ್ ಬೇಕು. 22 ಅಡಿ ಮೇಲಿಂದ ಸುರಿಯುವುದು ದಂಡ. ಮೇಜಿನ ಉದ್ದಕ್ಕೂ ನಾಲ್ಕೂವರೆ ಅಡಿ ಮೇಲೆ ಬ್ಯಾಟನ್ ಇಳಿಬಿಡಿ. ಇಪ್ಪತ್ತು ಅಡಿಯ ಒಂದು ಮೇಜಿಗೆ 40 ವ್ಯಾಟಿನವು ಮೂರು ಹಾಕಿದರೆ 500 ಲಕ್ಸ್ ಆಸುಪಾಸು ಸಿಗುತ್ತದೆ. ಕೆಲಸ ಇಲ್ಲದಾಗ ಆ ಲೈಟುಗಳನ್ನು ಬಂದ್ ಮಾಡಬಹುದು.

ಎರಡು ಮೇಜು ಎಂದು ಹಿಡಿದರೂ ಎಲ್ಲ ಸೇರಿ 1,280 ವ್ಯಾಟ್. ನಿಮಗೆ ಹೇಳಿದ್ದು 3,000 ವ್ಯಾಟ್. ದಿನಕ್ಕೆ 10 ತಾಸು, ವರ್ಷಕ್ಕೆ 300 ದಿನ ಉರಿದರೆ 9,000 ಯೂನಿಟ್‌ಗೆ ಬದಲು 3,840. ಯೂನಿಟ್ಟಿಗೆ 8 ರೂಪಾಯಿ ಎಂದುಕೊಂಡರೂ ವರ್ಷಕ್ಕೆ ನಲವತ್ತು ಸಾವಿರದ ಮೇಲೆ ಉಳಿಯುತ್ತದೆ. ಜನರಿಗೆ ಬೇಕಾದ ಕಡೆ ಬೆಳಕು ಹೆಚ್ಚೇ ಇರುತ್ತದೆ.

ಬಬಲೇಶ್ವರದಕ್ಕ

ಆರಿಸುವ ಮೇಜಿನ ಬಗ್ಗೆ ನಾನು ಹೇಳಬೇಕು. ಒಣದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳ ಮೇಲ್ವಿಚಾರಣೆ ನನ್ನ ಕೆಲಸ.

500 ಲಕ್ಸ್ ಇದ್ದರೂ ಬಣ್ಣ ತಿಳಿಯದ ಲೈಟ್ ಇದ್ದರೆ ಏನೂ ಪ್ರಯೋಜನವಿಲ್ಲ. ನಮ್ಮ ಮಾಲಿನ ದರ ನಿಂತಿರುವುದೇ ಬಣ್ಣದ ಮೇಲೆ. ಹಸಿರು, ಹಳದಿ, ಕಂದು ಬೇರೆ ಬೇರೆ ಬಾಕ್ಸಿಗೆ ಹೋಗಬೇಕು. ಅಗ್ಗದ ಬಿಳಿ ಲೈಟಿನ ಕೆಳಗೆ ಹಸಿರೂ ತಿಳಿಹಳದಿಯೂ ಒಂದೇ ತರಹ ಕಾಣುತ್ತವೆ. ರಾತ್ರಿ ಆರಿಸಿದ ಬಾಕ್ಸನ್ನು ಬೆಳಿಗ್ಗೆ ಬಾಗಿಲ ಹತ್ತಿರ ತೆರೆದರೆ ಮಿಶ್ರ ಮಾಲು. ವ್ಯಾಪಾರಿ ಅದನ್ನು ಕೆಳಗಿನ ದರಕ್ಕೆ ಕೇಳುತ್ತಾನೆ, ಬೈಗುಳ ಆರಿಸಿದ ಹೆಣ್ಣುಮಕ್ಕಳಿಗೆ ಬೀಳುತ್ತದೆ. ಅವರ ಕಣ್ಣಿನದೇನೂ ತಪ್ಪಿಲ್ಲ.

ಇನ್ನೊಂದು, ನೆರಳು. ಕೂತವರ ಬೆನ್ನ ಹಿಂದೆ ಲೈಟ್ ಇದ್ದರೆ ಅವರ ತಲೆಯ ನೆರಳು ಅವರ ಕೈ ಮೇಲೆಯೇ ಬೀಳುತ್ತದೆ. ಅವರು ಬಗ್ಗಿ ಬಗ್ಗಿ ನೋಡುತ್ತಾರೆ, ಸಂಜೆಯೊಳಗೆ ಕುತ್ತಿಗೆ ಹಿಡಿಯುತ್ತದೆ. ಲೈಟ್ ಮೇಜಿನ ನಡುಗೆರೆಯ ಮೇಲೇ ಬರಬೇಕು. ಬಲ್ಬ್ ನೇರ ಕಣ್ಣಿಗೆ ಹೊಡೆಯದಂತೆ ಹಾಲುಬಿಳಿ ಮುಚ್ಚಳ ಇರಬೇಕು. ಹೆಣ್ಣುಮಕ್ಕಳು ತಲೆನೋವು ಎಂದರೆ ಬಹಳ ಜನ ಮಾಲೀಕರು ನೆಪ ಅಂದುಕೊಳ್ಳುತ್ತಾರೆ. ಒಂದು ತಾಸು ಆ ಮೇಜಿಗೆ ತಾವೇ ಕೂತು ನೋಡಲಿ.

ಉದ್ಯಮಬಾಗ_ವೈರಿಂಗ್

ಅಕ್ಕಾವರು ಹೇಳಿದ್ದು ನೂರಕ್ಕೆ ನೂರು ಸರಿ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎನ್ನುವುದಕ್ಕೆ ಸಿಆರ್‌ಐ ಎಂಬ ಅಳತೆ ಇದೆ, ಗರಿಷ್ಠ 100. ಬೀದಿದೀಪದ ದರ್ಜೆಯವು 70 ಇರುತ್ತವೆ. ಚೀಲದ ಕಡೆಗೆ ಅದೇ ನಡೆಯುತ್ತದೆ. ಆರಿಸುವ ಮೇಜಿಗೆ 90 ಇರುವುದನ್ನೇ ತರಿಸಿ, ಬಣ್ಣದ ತಾಪ 4,000ದಿಂದ 5,000 ಕೆಲ್ವಿನ್ ಒಳಗಿರಲಿ. 6,500ರ ನೀಲಿ ಛಾಯೆಯ ಬಿಳಿ ಬೇಡ. ದರ ಸ್ವಲ್ಪ ಹೆಚ್ಚು, ಆದರೆ ನಿಮಗೆ ಬೇಕಾದದ್ದು ಆರೇ ಲೈಟು.

1948ರ ಫ್ಯಾಕ್ಟರಿ ಕಾಯ್ದೆಯ 17ನೇ ಕಲಮಿನಲ್ಲೇ ಈ ಮಾತು ಇತ್ತು. ಕೆಲಸದ ಜಾಗಕ್ಕೂ ಜನ ಓಡಾಡುವ ಜಾಗಕ್ಕೂ ಸಾಕಷ್ಟು ಬೆಳಕು ಇರಬೇಕು, ಕಣ್ಣು ಕುಕ್ಕುವ ಬೆಳಕನ್ನೂ ಕಣ್ಣಿಗೆ ಆಯಾಸ ತರುವ ನೆರಳನ್ನೂ ತಡೆಯಬೇಕು ಎಂದು.

ಗ್ರೇಡಿಂಗ್ ಮಷೀನು ಹಾಕುವವರಿದ್ದರೆ ಇನ್ನೊಂದು ಎಚ್ಚರಿಕೆ. ಅಗ್ಗದ ಡ್ರೈವರ್ (ಲೈಟಿಗೆ ತಕ್ಕಂತೆ ಕರೆಂಟನ್ನು ಬದಲಿಸಿ ಕೊಡುವ ಸರ್ಕ್ಯೂಟ್) ಇರುವ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ತಿರುಗುವ ಪುಲ್ಲಿ ನಿಂತಂತೆ ಕಾಣುವ ಅಪಾಯ ಇದೆ. ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ, ತೆರೆಯ ಮೇಲೆ ಕಪ್ಪು ಪಟ್ಟೆಗಳು ದಟ್ಟವಾಗಿ ಓಡಿದರೆ ಆ ಲೈಟ್ ಬಿಡಿ.

ಬೈಲಹೊಂಗಲ_ಜಿನ್ನಿಂಗ್

ನಮ್ಮದು ಹತ್ತಿ. ಮೆಟಲ್ ಹ್ಯಾಲೈಡ್ ಬಗ್ಗೆ ಘಟಪ್ರಭಾದವರು ಅರ್ಧ ಹೇಳಿದರು, ಉಳಿದರ್ಧ ನಾನು ಹೇಳುತ್ತೇನೆ. ಆ ಬಲ್ಬಿನ ಒಳಗಿನ ಆರ್ಕ್ ಟ್ಯೂಬ್ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾದಿರುತ್ತದೆ. ಆಯುಷ್ಯ ಮುಗಿಯುತ್ತ ಬಂದ ಬಲ್ಬ್ ಒಡೆದರೆ ಕಾದ ಚೂರು ಕೆಳಗೆ ಬೀಳುತ್ತದೆ. ಕೆಳಗೆ ಹತ್ತಿಯೋ ಗೋಣಿಚೀಲವೋ ಇದ್ದರೆ ಮುಗಿಯಿತು. ಹಳೇ ಮಿಲ್ಲಿನಿಂದ ಬಿಚ್ಚಿದ್ದು ಎಂದರೆ ಆಯುಷ್ಯ ಮುಗಿದದ್ದೇ ಇರುತ್ತದೆ. ದಯವಿಟ್ಟು ಅದನ್ನು ತರಬೇಡಿ.

ಎಲ್‌ಇಡಿ ಹಾಕಿದರೂ ದೀಪಕ್ಕೂ ಥಪ್ಪಿಯ ತುದಿಗೂ ನಾಲ್ಕು ಅಡಿ ಅಂತರ ಬಿಡಿ. ವೈರ್ ಎಲ್ಲ ಕಬ್ಬಿಣದ ಪೈಪಿನಲ್ಲಿ ಹೋಗಲಿ. ಕಾಳಿನ ಗೋದಾಮಿನಲ್ಲಿ ಇಲಿ ಇರುವುದೇ. ಪ್ಲಾಸ್ಟಿಕ್ ಪೈಪ್ ಕಡಿದು ವೈರಿಗೆ ಬಾಯಿ ಹಾಕುತ್ತವೆ, ಬೆಂಕಿ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ. ಸ್ವಿಚ್ ಬೋರ್ಡ್, ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬಂದ್ ಆಗುವ ಸ್ವಿಚ್) ಎಲ್ಲ ಗೋದಾಮಿನ ಹೊರಗೆ, ಮಳೆ ಬೀಳದ ಜಾಗದಲ್ಲಿ. ರಾತ್ರಿ ಬೀಗ ಹಾಕಿ ಹೋಗುವಾಗ ಒಳಗಿನ ಪೂರ್ತಿ ಲೈನ್ ಹೊರಗಿನಿಂದಲೇ ಬಂದ್ ಆಗಬೇಕು.

ಹಮಾಲರ_ಮುಕಾದಮ

ಎಲ್ಲಾರೂ ಮಾಲಿನ ಬಗ್ಗೆ ಬರದೀರಿ. ಚೀಲ ಹೊರೋರ ಬಗ್ಗೆ ಎರಡು ಮಾತು.

ಹೆಗಲ ಮ್ಯಾಲ 50 ಕಿಲೋ ಚೀಲ ಇಟ್ಟಕೊಂಡು ಹಲಗಿ ಮ್ಯಾಲ ಥಪ್ಪಿ ಏರೋ ಮನಷ್ಯಾಗ ಕಾಲ ಬುಡಕ ಬೆಳಕು ಬೇಕು. ಅವನ ಕಣ್ಣು ಮ್ಯಾಲಿರತೈತಿ. ಹತ್ತಡಿ ಏರಿದ ಮ್ಯಾಲ ಹೈಬೇ ಲೈಟ್ ಮಾರಿಗೇ ಬಂದು ಹೊಡೀತೈತಿ, ಒಂದು ಗಳಿಗಿ ಏನೂ ಕಾಣಂಗಿಲ್ಲ. ಅದೇ ಹೊತ್ತಿಗೆ ಕಾಲ ತಪ್ಪತೈತಿ. ಅದಕ್ಕ ಲೈಟ್ ಥಪ್ಪಿ ನೆತ್ತಿ ಮ್ಯಾಲ ಬ್ಯಾಡ, ದಾರಿ ಮ್ಯಾಲ ಇರಲಿ ಅಂತ ಸಾಹೇಬರು ಹೇಳಿದ್ದು ಭಾಳ ಛಲೋ.

ಇನ್ನ ಕರೆಂಟ್ ಹೋದಾಗ. ಮಂದಿ ಥಪ್ಪಿ ಮ್ಯಾಲ ಇದ್ದಾಗ ಒಮ್ಮೆಲೆ ಕತ್ತಲಾದರ ಇಳಿಯಾಕ ದಾರಿ ಕಾಣಂಗಿಲ್ಲ. ಮೊಬೈಲ್ ಬ್ಯಾಟರಿ ಹಚ್ಚಾಕ ಕೈ ಖಾಲಿ ಇರಂಗಿಲ್ಲ. ನಡು ದಾರ‍್ಯಾಗ ಎರಡು, ಬಾಗಲಾಗ ಒಂದು ಲೈಟ್ ಇನ್ವರ್ಟರ್ ಮ್ಯಾಲ ಇರಲೇಬೇಕು. ನಮ್ಮ ಮಂದಿ ಜೀವದ ಸಲುವಾಗಿ ಕೇಳಾಕತ್ತೀನಿ.

ತಿಕೋಟಾ_ರೋಡ್_ಗೋದಾಮು

ಕಾಕಾ, ನೀವು ಹೇಳಿದ್ದು ಮನಸಿಗೆ ನಾಟಿತು. ಇನ್ವರ್ಟರ್ ಖಂಡಿತ ಇಡಸ್ತೀನಿ.

ಘಟಪ್ರಭಾ_ದಂಡೆ

ಅದರ ಜೋಡಿ ಮೂರು ಫೇಸಿಗೂ ಲೈಟ್ ಹಂಚಸ್ರಿ. ಮೊದಲನೇದು ಆರ್ ಫೇಸಿಗೆ, ಎರಡನೇದು ವೈ, ಮೂರನೇದು ಬಿ, ಹಿಂಗ ಸಾಲಾಗಿ. ಒಂದು ಫೇಸ್ ಹೋದರೂ ಪೂರ್ತಿ ಕತ್ತಲಾಗಂಗಿಲ್ಲ.

ಎಪಿಎಂಸಿ_ಅಡತಿ

ನನ್ನ ಅನುಭವ ಬೇರೆ. ಎಲ್‌ಇಡಿ ಎಂದು ಎಲ್ಲರೂ ಹೊಗಳುತ್ತೀರಿ. ನಮ್ಮ ಅಡತಿ ಅಂಗಡಿಯ ಗೋದಾಮಿನಲ್ಲಿ ಹಾಕಿದವು ಎರಡು ವರ್ಷ ತುಂಬುವ ಮೊದಲೇ ಒಂದೊಂದಾಗಿ ಹೋದವು. ಡಬ್ಬದ ಮೇಲೆ 50,000 ತಾಸು ಎಂದು ಬರೆದಿತ್ತು. ಇದಕ್ಕೇನು ಹೇಳುತ್ತೀರಿ?

ಉದ್ಯಮಬಾಗ_ವೈರಿಂಗ್

ನ್ಯಾಯವಾದ ಪ್ರಶ್ನೆ. 50,000 ತಾಸು ಎನ್ನುವುದು ಎಲ್‌ಇಡಿ ಚಿಪ್ಪಿನ ಆಯುಷ್ಯ. ಸಾಯುವುದು ಹೆಚ್ಚಾಗಿ ಡ್ರೈವರ್. ಅದಕ್ಕೆ ನಮ್ಮ ಕಡೆ ಎರಡು ಶತ್ರುಗಳು, ಬಿಸಿ ಮತ್ತು ವೋಲ್ಟೇಜ್.

ಬೇಸಿಗೆಯಲ್ಲಿ ವಿಜಯಪುರದ ಬಯಲಲ್ಲೇ 40 ಡಿಗ್ರಿ ದಾಟುತ್ತದೆ. ಪತ್ರಾದ ಕೆಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಡ್ರೈವರಿನೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಪ್ರತಿ 10 ಡಿಗ್ರಿ ಬಿಸಿ ಏರಿದಾಗ ಹತ್ತಿರಹತ್ತಿರ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ಲೈಟನ್ನು ಪತ್ರಾಕ್ಕೆ ಅಂಟಿಸಬೇಡಿ. ಎರಡು ಅಡಿ ಸರಪಳಿಯಲ್ಲಿ ಇಳಿಬಿಡಿ, ಸುತ್ತ ಗಾಳಿ ಆಡಲಿ. 50 ಡಿಗ್ರಿ ಸುತ್ತಲ ತಾಪಕ್ಕೆ ತಕ್ಕುದೆಂದು ಬರೆದಿರುವ ಡ್ರೈವರನ್ನೇ ಕೇಳಿ.

ಇನ್ನು ವೋಲ್ಟೇಜ್. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರವೋ ಕಂಬದ ಮೇಲೆಯೋ ನ್ಯೂಟ್ರಲ್ ಕಡಿದರೆ 230ರ ಜಾಗದಲ್ಲಿ 400ರ ಹತ್ತಿರ ಬರುತ್ತದೆ. ಹಳ್ಳಿ ಲೈನಿನಲ್ಲಿ ಇದು ಅಪರೂಪವಲ್ಲ. 440 ವೋಲ್ಟ್ ತಡೆಯುವ ರಕ್ಷಣೆ ಇರುವ ಡ್ರೈವರ್ ಬೇಕು. ಸಿಡಿಲಿಗೆ ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್, ಅದಕ್ಕೆ ಸರಿಯಾದ ಅರ್ಥಿಂಗ್. ಅರ್ಥಿಂಗ್ ಇಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಹಾಕದಂತೆಯೇ.

ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಆರ್ ಸಂಖ್ಯೆ ಲೈಟಿನ ಮೇಲೆಯೇ ಅಚ್ಚಾಗಿದೆಯೇ ನೋಡಿ. ಎಲ್‌ಎಂ-79 ವರದಿ ಕೇಳಿ, ಇಡೀ ಲೈಟು ನಿಜವಾಗಿ ಎಷ್ಟು ಲ್ಯೂಮೆನ್ ಕೊಡುತ್ತದೆ ಎಂಬುದು ಅದರಲ್ಲಿರುತ್ತದೆ. ಎಲ್‌ಎಂ-80 ಚಿಪ್ಪಿನದು, ತಾಸು ಕಳೆದಂತೆ ಬೆಳಕು ಎಷ್ಟು ಇಳಿಯುತ್ತದೆ ಎಂಬುದರ ದಾಖಲೆ. ಮಾರುವವರು ಈ ವರದಿ ಕೊಡಲು ಹಿಂದೇಟು ಹಾಕಿದರೆ ಬೇರೆ ಅಂಗಡಿಗೆ ಹೋಗಿ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.9ಕ್ಕಿಂತ ಕಡಿಮೆ ಇರಬಾರದು. ಡ್ರೈವರ್ ಬಿಚ್ಚಿ ಬದಲಿಸುವಂತಿರಬೇಕು. ಇಡೀ ಲೈಟು ಒಂದೇ ಅಚ್ಚಾಗಿದ್ದರೆ ಡ್ರೈವರ್ ಹೋದಾಗ ಲೈಟನ್ನೇ ಎಸೆಯಬೇಕಾಗುತ್ತದೆ.

ಧಾನ್ಯ_ಗುಳಿಗೆ

ಕೀಟ ನಿಯಂತ್ರಣದ ಕೆಲಸ ನನ್ನದು. ಮೇಲಿನ ಅಡತಿಯವರಿಗೆ ಒಂದು ಪ್ರಶ್ನೆ: ಗೋದಾಮಿನಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡಿಸುತ್ತಿದ್ದಿರಾ, ಅದೂ ಇಡೀ ಕೋಣೆಗೆ?

ಎಪಿಎಂಸಿ_ಅಡತಿ

ಹೌದು, ತೊಗರಿಗೆ ನುಸಿ ಬಿದ್ದಾಗಲೆಲ್ಲ ಬಾಗಿಲು ಮುಚ್ಚಿ ಮಾಡಿಸುತ್ತಿದ್ದೆವು. ಲೈಟಿಗೂ ಅದಕ್ಕೂ ಏನು ಸಂಬಂಧ?

ಧಾನ್ಯ_ಗುಳಿಗೆ

ಸಂಬಂಧ ಇದೆ, ಇದನ್ನು ಲೈಟ್ ಮಾರುವವರು ಹೇಳುವುದಿಲ್ಲ. ಗುಳಿಗೆಯಿಂದ ಏಳುವ ಫಾಸ್ಫೀನ್ ಅನಿಲ ತಾಮ್ರವನ್ನು ತಿನ್ನುತ್ತದೆ. ಹಿತ್ತಾಳೆ, ಬೆಳ್ಳಿಯನ್ನೂ ಬಿಡುವುದಿಲ್ಲ. ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಬೇಗ. ಡ್ರೈವರಿನ ಸರ್ಕ್ಯೂಟ್, ಸ್ವಿಚ್ಚಿನ ಕಾಂಟ್ಯಾಕ್ಟ್, ವೈರಿನ ಜೋಡಣೆ ಎಲ್ಲವೂ ಒಳಗೊಳಗೇ ಕಪ್ಪಾಗಿ ಕೆಡುತ್ತವೆ. ತೂಕದ ಎಲೆಕ್ಟ್ರಾನಿಕ್ ಕಾಟಾ ಒಳಗಿದ್ದರೆ ಅದಕ್ಕೂ ಇದೇ ಗತಿ.

ಉಪಾಯ ಸರಳ. ಇಡೀ ಗೋದಾಮಿಗೆ ಹೊಗೆ ಕೊಡುವ ಬದಲು ಥಪ್ಪಿಗೆ ಮಾತ್ರ ಗ್ಯಾಸ್ ಹೊರಹೋಗದ ಹೊದಿಕೆ ಹೊದಿಸಿ, ಅಂಚಿಗೆ ಮರಳಿನ ಚೀಲ ಒತ್ತಿ, ಅದರೊಳಗೆ ಗುಳಿಗೆ ಇಡಿಸಬೇಕು. ಈ ಕೆಲಸಕ್ಕೆ ಪರವಾನಗಿ ಇರುವವರೇ ಬೇಕು, ಜೀವ ತೆಗೆಯುವ ಅನಿಲ ಅದು. 30×20ರ ಥಪ್ಪಿ, ಸುತ್ತ ಸಂದಿ ಎಂದು ಗೋದಾಮಿನವರು ಹೇಳಿದ್ದು ಇದಕ್ಕೂ ಒಳ್ಳೆಯದು. ಸಂದಿ ಇಲ್ಲದಿದ್ದರೆ ಹೊದಿಕೆ ಎಳೆಯಲು ಬರುವುದಿಲ್ಲ.

ಒಣದ್ರಾಕ್ಷಿಯವರಿಗೆ ಇನ್ನೊಂದು ಮಾತು. ಗಂಧಕದ ಹೊಗೆ ಕೊಡುವ ಕೋಣೆಯನ್ನು ಇದೇ ಸೂರಿನಡಿ ಮಾಡಬೇಡಿ. ಎಲ್‌ಇಡಿ ಚಿಪ್ಪಿನ ಕೆಳಗೆ ಬೆಳ್ಳಿಯ ಲೇಪ ಇರುತ್ತದೆ. ಗಂಧಕ ಅದಕ್ಕೆ ತಾಗಿದರೆ ಕಪ್ಪಾಗುತ್ತದೆ. ಲೈಟ್ ಉರಿಯುತ್ತಲೇ ಇರುತ್ತದೆ, ಬೆಳಕು ಮಾತ್ರ ಇಳಿಯುತ್ತ ಹೋಗುತ್ತದೆ, ಬಣ್ಣವೂ ಬದಲಾಗುತ್ತದೆ. ಆರಿಸುವ ಮೇಜಿನ ಮೇಲೆ ಹಾಗಾದರೆ ಅಕ್ಕಾವರು ಹೇಳಿದ ತಾಪತ್ರಯ ಮತ್ತೆ ಶುರು.

ತಿಕೋಟಾ_ರೋಡ್_ಗೋದಾಮು

ಇದು ನಮಗ ಗೊತ್ತೇ ಇರಲಿಲ್ಲ. ಗಂಧಕದ ಖೋಲಿ ಹಿತ್ತಲ ಕಡೆ ಬ್ಯಾರೆ ಕಟ್ಟೂದು ಅಂತ ಮನ್ಯಾಗ ಮಾತಾಡಿದೆ. ಈಗ ಫೈಬರ್ ಶೀಟಿನ ಬಗ್ಗೆ ಯಾರಾದರೂ ಹೇಳ್ರಿ. ಪತ್ರಾದವರು ಹತ್ತಕ್ಕ ಒಂದು ಹಾಕೋಣ ಅಂತಾರ.

ಮುಧೋಳ_ಶೆಡ್_ಕೆಲಸ

ಹತ್ತಕ್ಕೆ ಒಂದು ನಮ್ಮ ಬಿಸಿಲಿಗೆ ಹೆಚ್ಚಾಯಿತು. ಚಾವಣಿಯ 3ರಿಂದ 5 ಪ್ರತಿಶತ ಸಾಕು, ನಿಮ್ಮ 6,000 ಚದರ ಅಡಿಗೆ 180ರಿಂದ 300 ಚದರ ಅಡಿ. ಅದಕ್ಕಿಂತ ಹೆಚ್ಚಾದರೆ ಬೆಳಕಿನ ಜೊತೆ ಬಿಸಿಯೂ ಇಳಿಯುತ್ತದೆ. ಒಣದ್ರಾಕ್ಷಿ ಬಿಸಿಗೆ ಕಂದು ತಿರುಗುತ್ತದೆ. ಶೀಟುಗಳು ನಡುದಾರಿಯ ಮೇಲೂ ಮುಂದಿನ ಕೆಲಸದ ಜಾಗದ ಮೇಲೂ ಬರಲಿ, ಥಪ್ಪಿಯ ಮೇಲೆ ಬೇಡ. ನೇರ ಬಿಸಿಲು ಬಿದ್ದ ಕಡೆ ಚೀಲ ಜೀರ್ಣವಾಗುತ್ತದೆ. ಪಾರದರ್ಶಕ ಶೀಟ್ ಬೇಡ, ಬೆಳಕನ್ನು ಹರಡುವ ಹಾಲುಬಿಳಿಯದು ಹಾಕಿಸಿ. ಬಿಸಿಲಿಗೆ ಹಳದಿಯಾಗದಂತೆ ಯುವಿ ಲೇಪ ಇರುವುದೇ ಬೇಕು.

ಕೈಮುಗಿದು ಕೇಳುವುದು ಒಂದೇ. ಪ್ರತಿ ಫೈಬರ್ ಶೀಟಿನ ಕೆಳಗೆ ಗಟ್ಟಿ ಕಬ್ಬಿಣದ ಜಾಳಿಗೆ ಹಾಕಿಸಿ. ಎಲೆ ಗುಡಿಸಲು, ಸೋರಿಕೆ ನೋಡಲು ಮೇಲೆ ಹತ್ತಿದವರು ಪತ್ರಾ ಎಂದು ತಿಳಿದು ಅದರ ಮೇಲೆ ಕಾಲಿಟ್ಟರೆ ಸೀದಾ ಕೆಳಗೆ. ಧೂಳು ಕೂತ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. 22 ಅಡಿಯಿಂದ ಬಿದ್ದವರು ಉಳಿಯುವುದು ಕಷ್ಟ.

ಎಪಿಎಂಸಿ_ಅಡತಿ

ಸೆನ್ಸರ್ ಹಾಕಿಸಿದರೆ ಹೇಗೆ? ಮಂದಿ ಬಂದಾಗ ಮಾತ್ರ ಹೊತ್ತಿಕೊಳ್ಳುವಂಥದ್ದು.

ಉದ್ಯಮಬಾಗ_ವೈರಿಂಗ್

ಗೋಡೆಯ ಸಂದಿಗಳಿಗೆ ಹಾಕಿಸಿ, ದಿನಕ್ಕೆ ಒಂದೆರಡು ಸಲ ಮಾತ್ರ ಜನ ಹೋಗುವ ಜಾಗ ಅದು. ನಡುದಾರಿಗೆ ನನ್ನ ಮನಸ್ಸು ಒಪ್ಪುವುದಿಲ್ಲ. ಥಪ್ಪಿಯ ಮೇಲಿರುವವರು ದಾರಿಯ ಸೆನ್ಸರಿಗೆ ಕಾಣುವುದಿಲ್ಲ. ಕೆಳಗೆ ಓಡಾಟ ನಿಂತಿತೆಂದು ಲೈಟ್ ಆರಿದರೆ ಮುಕಾದಮ ಕಾಕಾ ಹೇಳಿದ ಅಪಾಯವನ್ನು ನಾವೇ ದುಡ್ಡು ಕೊಟ್ಟು ತಂದಂತೆ. ಹಾಕಲೇಬೇಕೆಂದರೆ ಪೂರ್ತಿ ಆರದೆ 20 ಪ್ರತಿಶತಕ್ಕೆ ಇಳಿಯುವ ವಿಧ ತನ್ನಿ. ಮೈಕ್ರೋವೇವ್ ಸೆನ್ಸರ್‌ಗಳು ಗಾಳಿಗೆ ಅಲುಗುವ ಪತ್ರಾ, ತಿರುಗುವ ಟರ್ಬೋ ಫ್ಯಾನಿಗೂ ಹೊತ್ತಿಕೊಳ್ಳುತ್ತವೆ, ಅದೂ ನೆನಪಿರಲಿ. ನಿಮ್ಮ ಅಳತೆಯ ಗೋದಾಮಿಗೆ ಸಾಲಿಗೊಂದು ಸ್ವಿಚ್ ಸಾಕು. ಬಾಗಿಲ ಪಕ್ಕ ಬೋರ್ಡಿನ ಮೇಲೆ ಯಾವ ಸ್ವಿಚ್ ಯಾವ ಸಾಲಿಗೆ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ.

ತಿಕೋಟಾ_ರೋಡ್_ಗೋದಾಮು

ಎಲ್ಲಾರದೂ ಕೇಳಿ ಒಂದು ತೀರ್ಮಾನಕ್ಕ ಬಂದೀವ್ರಿ. ಹೈಬೇ ಎಂಟು, ಗೋಡಿಗೆ ಬ್ಯಾಟನ್ ಆರು, ಮೇಜಿಗೆ 90 ಸಿಆರ್‌ಐದವು ಆರು. ಮೂರು ಲೈಟ್ ಇನ್ವರ್ಟರ್ ಮ್ಯಾಲ. ಪೈಪ್ ಕಬ್ಬಿಣದ್ದು, ಬೋರ್ಡ್ ಹೊರಗ. ಫೈಬರ್ ಶೀಟ್ 250 ಚದರ ಅಡಿ, ಕೆಳಗ ಜಾಳಿಗೆ. ಸುಣ್ಣ ಹೊಡಸೂದು. ಒಂದೇ ಮಾತು ಉಳೀತು. ರಾತ್ರಿ ಲೋಡಿಂಗ್ ಮಾಡೂ ಹೊತ್ತಿನ್ಯಾಗ ಬಾಗಲ ಮ್ಯಾಲಿನ ಫ್ಲಡ್ ಲೈಟಿಗೆ ಹುಳ ಮುಕರತಾವ, ಒಳಗೂ ಬರ್ತಾವ. ಒಣದ್ರಾಕ್ಷಿಗೆ ಅದು ಛಲೋ ಅಲ್ಲ.

ಧಾನ್ಯ_ಗುಳಿಗೆ

ಬಾಗಿಲ ಮೇಲೆ ಲೈಟ್ ಇಡಲೇಬೇಡಿ. ಎದುರಿಗೆ ಹದಿನೈದು ಇಪ್ಪತ್ತು ಅಡಿ ದೂರ ಕಂಬ ನಿಲ್ಲಿಸಿ, ಅಲ್ಲಿಂದ ಬಾಗಿಲ ಕಡೆಗೆ ಬೆಳಕು ಬೀಳಲಿ. ಹುಳ ಕಂಬಕ್ಕೆ ಹೋಗುತ್ತವೆ. ಹೊರಗಿನದು 3,000 ಕೆಲ್ವಿನ್ ಹಳದಿ ಛಾಯೆಯದು ಇರಲಿ, ನೀಲಿ ಛಾಯೆಯ ಬಿಳಿಗೆ ಹುಳ ಹೆಚ್ಚು. ಲಾರಿ ಡ್ರೈವರ್ ಹಿಂದಕ್ಕೆ ತೆಗೆಯುವಾಗ ಕನ್ನಡಿಯಲ್ಲಿ ಲೈಟ್ ಕುಕ್ಕದಂತೆ ಕಂಬವನ್ನು ಒಂದು ಬದಿಗೆ ಹಾಕಿ.

ಉದ್ಯಮಬಾಗ_ವೈರಿಂಗ್

ಗೋದಾಮು ತುಂಬಿದ ಮೇಲೆ ಒಂದು ರಾತ್ರಿ ಲಕ್ಸ್ ಮೀಟರ್ ಹಿಡಿದು ಅಳೆಯಿರಿ. ಮೊಬೈಲ್ ಆ್ಯಪಿನ ಅಳತೆ ಒಂದು ಫೋನಿಗೊಂದು ಬರುತ್ತದೆ, ನಂಬಬೇಡಿ. ನಡುದಾರಿಯಲ್ಲಿ ನೆಲದ ಹತ್ತಿರ, ಥಪ್ಪಿಯ ಮುಖದ ಮೇಲೆ ಎದೆಮಟ್ಟಕ್ಕೆ ಮೀಟರನ್ನು ನೆಟ್ಟಗೆ ನಿಲ್ಲಿಸಿ, ಸಂದಿಯ ಮೂಲೆಯಲ್ಲಿ, ಮೇಜಿನ ಎರಡೂ ತುದಿಯಲ್ಲಿ. ಸಂದಿಯಲ್ಲಿ 50ಕ್ಕಿಂತ ಕೆಳಗೆ ಬಂದರೆ ಅಲ್ಲಿ ಇನ್ನೊಂದು ಬ್ಯಾಟನ್ ಬೇಕು. ಅದಕ್ಕೆ ಒಂದೊಂದು ಬದಿಗೆ ಒಂದು ಪಾಯಿಂಟ್ ಹೆಚ್ಚಿಗೆ ಈಗಲೇ ಬಿಡಿಸಿಟ್ಟುಕೊಳ್ಳಿ. ಸೀಜನ್ ಮುಗಿದು ಗೋದಾಮು ಖಾಲಿಯಾದಾಗ ವರ್ಷಕ್ಕೊಮ್ಮೆ ಲೈಟುಗಳನ್ನು ಒರೆಸಬೇಕು, ಅದಕ್ಕೆ ಏಣಿಯ ಬದಲು ಚಕ್ರದ ಸ್ಕ್ಯಾಫೋಲ್ಡಿಂಗ್ ಬಾಡಿಗೆಗೆ ತನ್ನಿ.

ತಿಕೋಟಾ_ರೋಡ್_ಗೋದಾಮು

ಆತ್ರಿ ಸರ್. ಪಾಯಿಂಟ್ ಹೆಚ್ಚಿಗಿ ಬಿಡಸ್ತೀನಿ. ಎಲ್‌ಎಂ-79 ವರದಿ ಕೇಳಿದ್ದಕ್ಕ ಒಬ್ಬ ಅಂಗಡಿಯವರು ಕಳಿಸ್ಯಾರ, ಇಂಗ್ಲಿಷಿನ್ಯಾಗ ಐತಿ. ಅದರೊಳಗ ಯಾವ ಸಾಲು ನೋಡಬೇಕು?

ಉದ್ಯಮಬಾಗ_ವೈರಿಂಗ್

ಒಟ್ಟು ಲ್ಯೂಮೆನ್, ವ್ಯಾಟ್, ಪವರ್ ಫ್ಯಾಕ್ಟರ್, ಸಿಆರ್‌ಐ, ಬೀಮ್ ಆ್ಯಂಗಲ್ (ಬೆಳಕು ಹರಡುವ ಕೋನ). ಲ್ಯೂಮೆನ್ನನ್ನು ವ್ಯಾಟಿನಿಂದ ಭಾಗಿಸಿ 130 ಬರುತ್ತದೆಯೇ ನೋಡಿ. ವರದಿಯ ಮೇಲಿನ ಮಾಡೆಲ್ ಸಂಖ್ಯೆ ನಿಮಗೆ ಕೊಡುವ ಲೈಟಿನ ಮೇಲಿನ ಸಂಖ್ಯೆಗೆ ಸರಿಯಾಗಿ ಕೂಡಬೇಕು. ಫೋಟೋ ಇಲ್ಲಿ ಹಾಕಿ, ನಾನೂ ನೋಡುತ್ತೇನೆ.